ನೇಕಾರನ ಮಗಳ ಸೊಂಟ ಅಳೆದವರಿಗೆ

ಎರಡು ಜಿಲ್ಲೆಗಳ ಜಂಟಿ ಕೈಮಗ್ಗ ಉತ್ಸವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ ಎಂದು ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ. ದಯವಿಟ್ಟು ಆ ಪದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡಿ.

ಕಳೆದ ಸೋಮವಾರ ನಿಮ್ಮ ಸಮಿತಿಯಿಂದ ನಮ್ಮ ಶಾಲೆಗೆ ಒಂದು ಕಟ್ಟು ಬಂತು. ಒಳಗೆ ನಲವತ್ತು ಬಣ್ಣದ ಕೈಪಿಡಿಗಳು, ಜೊತೆಗೊಂದು ಸುತ್ತೋಲೆ. ಈ ವರ್ಷದ ಸೀರೆ ಪ್ರದರ್ಶನಕ್ಕೆ ಎಂಟನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳ ಹೆಸರು, ಎತ್ತರ, ತೂಕ, ಸೊಂಟದ ಸುತ್ತಳತೆ ಬರೆದು ಹದಿನೈದು ದಿನದೊಳಗೆ ಕಳುಹಿಸಬೇಕಂತೆ. ಕೈಪಿಡಿಯ ಮುಖಪುಟದಲ್ಲಿ ಕನಕಾಂಬರ ಬಣ್ಣದ ರೇಷ್ಮೆ ಸೀರೆ ಉಟ್ಟು ನಗುತ್ತಾ ನಡೆದುಬರುವ ಒಬ್ಬ ಹುಡುಗಿಯ ಫೋಟೊ. ಅದರ ಕೆಳಗೆ ತೆಲುಗಿನಲ್ಲಿ, 'ಹಿಂದೂಪುರದ ನೇಕಾರ ಜಯಚಂದ್ರ ಅವರ ಮಗಳು ಬನಶ್ರೀ, ತಂದೆ ನೇಯ್ದ ಸೀರೆಯಲ್ಲಿ' ಎಂದು ಅಚ್ಚಾಗಿದೆ. ಜಯಚಂದ್ರ ನನ್ನ ತಮ್ಮ. ಬನಶ್ರೀ ಅವನ ಒಬ್ಬಳೇ ಮಗಳು. ಸೀರೆ ಅವನು ನೇಯ್ದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಫೋಟೊದಲ್ಲಿರುವವಳು ಬನಶ್ರೀ ಅಲ್ಲ. ಅದು ನಿಮಗೂ ಗೊತ್ತು. ಗೊತ್ತಿದ್ದೂ ಹತ್ತು ತಿಂಗಳ ಮೇಲೆ ಅದನ್ನೇ ಅಚ್ಚು ಹಾಕಿಸಿ, ಅವಳ ಸೋದರತ್ತೆ ಮುಖ್ಯೋಪಾಧ್ಯಾಯಿನಿಯಾಗಿರುವ ಶಾಲೆಗೇ ಕಳುಹಿಸಿದ್ದೀರಿ. ಇದು ಉದ್ಧಟತನವೋ ಬರೀ ಮರೆವೋ ನನಗೆ ತಿಳಿಯದು. ಯಾವುದಾದರೂ ನನಗೆ ಬರುವ ಹೇಸಿಗೆ ಅಷ್ಟೇ.

ಈ ವಿಷಯವಾಗಿ ನಿಮ್ಮ ಕಚೇರಿಗೆ ತೆಲುಗಿನಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ಅರ್ಜಿಯ ಭಾಷೆಯಲ್ಲೇ ಏನೋ ದೋಷವಿರಬೇಕೆಂದುಕೊಂಡು ಈ ಸಲ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಮೂವತ್ತು ವರ್ಷದಿಂದ ಈ ಗಡಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ಸಿಟ್ಟು ನನಗೆ ಈ ಭಾಷೆಯಲ್ಲೇ ಸರಿಯಾಗಿ ಬರುತ್ತದೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಜೂನ್ ತಿಂಗಳಲ್ಲಿ ನಿಮ್ಮ ಸಮಿತಿಯ ಆಟೊ ಮೈಕು ಕಟ್ಟಿಕೊಂಡು ಹಿಂದೂಪುರದ ನಮ್ಮ ಬೀದಿಗೆ ಬಂತು. ಮಗ್ಗದ ಸದ್ದನ್ನೂ ಮೀರಿಸುವ ಹಾಗೆ ಕೂಗಿತು. ನೇಯ್ದವರ ಮಗಳೇ ಉಟ್ಟು ನಡೆಯಲಿ, ಹದಿನೆಂಟರಿಂದ ಇಪ್ಪತ್ತನಾಲ್ಕು ವರ್ಷದ ನೇಕಾರರ ಹೆಣ್ಣುಮಕ್ಕಳು ಹೆಸರು ಕೊಡಲಿ, ಆಗಸ್ಟ್‌ನಲ್ಲಿ ದೊಡ್ಡ ವೇದಿಕೆ, ಮಂತ್ರಿಗಳು ಬರುತ್ತಾರೆ. ಆ ಮಾತು ಬರೆದವರು ಯಾರೋ ಗೊತ್ತಿಲ್ಲ, ಒಳ್ಳೆಯ ಮಾತು. ನನ್ನ ತಮ್ಮನಿಗೆ ಅದು ನೇರವಾಗಿ ಎದೆಗೆ ತಾಗಿತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ನೇಯುತ್ತಾರೆ, ಆದರೆ ನಮ್ಮ ಹೆಂಗಸರು ಉಡುವುದು ಪಾಲಿಯೆಸ್ಟರ್. ನಮ್ಮಮ್ಮ ಶಿವಲಕ್ಷ್ಮಮ್ಮ ಸಾಯುವವರೆಗೆ ಸಾವಿರಾರು ಸೀರೆಗೆ ನೂಲು ಸುತ್ತಿದಳು, ಅದರಲ್ಲಿ ಒಂದನ್ನೂ ಹೆಗಲ ಮೇಲೆ ಹಾಕಿಕೊಂಡು ನೋಡಲಿಲ್ಲ.

ಅಂದೇ ಸಂಜೆ ಜಯಚಂದ್ರ ನನಗೆ ಫೋನು ಮಾಡಿದ. "ಅಕ್ಕ, ಈ ಸಲ ನಾನು ನೇಯೋ ಸೀರೆ ನನ್ ಮಗ್ಳು ಉಡ್ತಾಳೆ. ಸ್ಟೇಜ್ ಮ್ಯಾಲೆ. ಮೈಕಲ್ಲಿ ನನ್ ಹೆಸ್ರು ಹೇಳ್ತಾರಂತೆ ಕಣಕ್ಕ" ಎಂದ. ಐವತ್ತು ವರ್ಷ ವಯಸ್ಸಿನ ಗಂಡಸು, ಅದನ್ನೇ ಮೂರು ಸಲ ಹೇಳಿದ. ಮಾರನೆಯ ದಿನವೇ ಮಗ್ಗಕ್ಕೆ ಹೊಸ ಹಾಸು ಏರಿಸಿದ. ಕನಕಾಂಬರದ ಒಡಲು, ಗಿಳಿಹಸಿರು ಅಂಚು. ಬಣ್ಣ ಆರಿಸಿದವಳು ಮಗಳು.

ಆಗ ಬನಶ್ರೀಗೆ ಹತ್ತೊಂಬತ್ತು. ಬಿ.ಎಸ್ಸಿ. ಎರಡನೇ ವರ್ಷ. ಅವಳು ಹೇಗಿದ್ದಳೆಂದು ನಿಮಗೆ ತಿಳಿದಿರಬೇಕು. ದುಂಡು ಮುಖ, ಗಟ್ಟಿ ಕೈಕಾಲು, ನಗಲು ಶುರುಮಾಡಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಎರಡು ಮುದ್ದೆ ಉಂಡು ಮೂರನೆಯದರಲ್ಲಿ ಅರ್ಧ ತಮ್ಮಪ್ಪನ ತಟ್ಟೆಯಿಂದ ಕಿತ್ತುಕೊಳ್ಳುತ್ತಿದ್ದಳು. ತನ್ನ ಮೈ ದಪ್ಪವೋ ತೆಳುವೋ ಎಂದು ಅವಳು ಯೋಚಿಸಿದ್ದನ್ನು ನಾನು ಕಂಡಿಲ್ಲ. ಮೈ ಎನ್ನುವುದು ಅವಳಿಗೆ ಓಡಾಡಲು, ಮಗ್ಗಕ್ಕೆ ಕೈಹಾಕಲು, ಬಸ್ಸು ಹತ್ತಲು ಇದ್ದ ಒಂದು ಒಳ್ಳೆಯ ಅನುಕೂಲವಾಗಿತ್ತು.

ಹೆಸರು ಕೊಟ್ಟವರಲ್ಲಿ ಹದಿನಾಲ್ಕು ಹುಡುಗಿಯರನ್ನು ಆರಿಸಿದಿರಿ. ಬನಶ್ರೀ ಅವರಲ್ಲೊಬ್ಬಳು. ತರಬೇತಿ ಶಿಬಿರವನ್ನು ಕಲ್ಯಾಣದುರ್ಗದಲ್ಲಿ ಇಟ್ಟಿರಿ, ಆಷಾಢವಾದ್ದರಿಂದ ಅಲ್ಲಿನ ಕಲ್ಯಾಣ ಮಂಟಪ ಖಾಲಿಯಿತ್ತು. ನಾನಿರುವುದು ಅದೇ ಊರಿನಲ್ಲಿ. ದಿನಾ ಬೆಳಗ್ಗೆ ಬ್ರಹ್ಮಸಮುದ್ರದ ಬಸ್ಸು ಹತ್ತಿ ಶಾಲೆಗೆ ಹೋಗಿ ಸಂಜೆ ಬರುತ್ತೇನೆ. ಹಾಗಾಗಿ ಮೂರು ವಾರ ಅವಳು ನನ್ನ ಮನೆಯಲ್ಲೇ ಉಳಿದಳು. ನಡೆದದ್ದೆಲ್ಲ ನನ್ನ ಸೂರಿನಡಿಯಲ್ಲೇ ನಡೆಯಿತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲ ದಿನ ಅವಳು ಒಂದು ಹಾಳೆ ಹಿಡಿದುಕೊಂಡು ಬಂದಳು. ಸಮಿತಿಯ ಲಾಂಛನವಿದ್ದ ಹಾಳೆ. ಏನು ತಿನ್ನಬೇಕು, ಏನು ತಿನ್ನಬಾರದು ಎಂಬ ಪಟ್ಟಿ. ತಿನ್ನಬೇಕಾದದ್ದರಲ್ಲಿ ಸೌತೆಕಾಯಿ, ಮೊಟ್ಟೆಯ ಬಿಳಿ, ನಿಂಬೆರಸದ ಬಿಸಿನೀರು. ತಿನ್ನಬಾರದ್ದರ ಸಾಲಿನಲ್ಲಿ ಮೊದಲನೆಯದೇ ರಾಗಿ ಮುದ್ದೆ. ಆಮೇಲೆ ಅನ್ನ, ಬೆಲ್ಲ, ಕಡಲೆಕಾಯಿ. ಅಂದರೆ ಈ ಸೀಮೆಯ ನೆಲ ಏನು ಬೆಳೆಯುತ್ತದೋ ಅದೆಲ್ಲ. ಇಲ್ಲೊಂದು ತಮಾಷೆ ಕೇಳಿ. ಅದೇ ದಿನ ನಮ್ಮ ಶಾಲೆಯಲ್ಲಿ ನಾನು ಸರ್ಕಾರದ ಇನ್ನೊಂದು ಸುತ್ತೋಲೆಯ ಪ್ರಕಾರ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ, ರಕ್ತಹೀನತೆ ಬರದಿರಲೆಂದು ಬೆಲ್ಲ ಹಾಕಿದ ರಾಗಿ ಜಾವ ಎಂಬ ಗಂಜಿ ಕುಡಿಸಿ, ಕಬ್ಬಿಣಾಂಶದ ಮಾತ್ರೆ ನುಂಗಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿದ್ದೆ. ಒಂದೇ ಸರ್ಕಾರದ ಒಂದು ಕೈ ಮಕ್ಕಳ ಬಾಯಿಗೆ ರಾಗಿ ಹಾಕುತ್ತಿತ್ತು, ಇನ್ನೊಂದು ಕೈ ಗಂಟಲಿನಿಂದ ಕಿತ್ತುಕೊಳ್ಳುತ್ತಿತ್ತು. ನೀವಿಬ್ಬರೂ ಎಂದಾದರೂ ಒಂದು ಮೀಟಿಂಗಿನಲ್ಲಿ ಭೇಟಿಯಾಗಿದ್ದೀರಾ?

ಹಾಳೆ ಸಾಲದೆಂದು ವಾಟ್ಸಾಪ್ ಗುಂಪು ಬೇರೆ. ಮೂರು ಹೊತ್ತೂ ಹುಡುಗಿಯರು ತಮ್ಮ ತಟ್ಟೆಯ ಫೋಟೊ ತೆಗೆದು ಅದರಲ್ಲಿ ಹಾಕಬೇಕು. ಬೆಂಗಳೂರಿನಿಂದ ನೀವು ಕರೆಸಿದ ತರಬೇತುದಾರಳು ಒಂದೊಂದು ತಟ್ಟೆಗೂ ಹಸಿರು ಇಲ್ಲವೇ ಕೆಂಪು ಚುಕ್ಕೆ ಕೊಡುತ್ತಿದ್ದಳು. ಅನ್ನ ಕಂಡರೆ ಕೆಂಪು. ಕೆಂಪು ಬಿದ್ದವರನ್ನು ಮಿಕ್ಕ ಹುಡುಗಿಯರು ನಗುವ ಮುಖದ ಚಿತ್ರ ಹಾಕಿ ಗೇಲಿ ಮಾಡುತ್ತಿದ್ದರು. ತಾವೇ ಉಪವಾಸವಿದ್ದ ಹುಡುಗಿಯರು, ತುತ್ತು ಅನ್ನ ಉಂಡವಳನ್ನು ನೋಡಿ ನಗುತ್ತಿದ್ದರು. ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ಇದನ್ನು ಕಲಿಸಿದ ನಿಮ್ಮ ಶಿಬಿರಕ್ಕೆ ಒಬ್ಬ ಶಿಕ್ಷಕಿಯಾಗಿ ನಾನು ತಲೆಬಾಗಬೇಕು. ನಾವು ಹತ್ತು ವರ್ಷ ತಿಣುಕಿದರೂ ಮಕ್ಕಳಿಗೆ ಮಗ್ಗಿ ಬರುವುದಿಲ್ಲ.

ಈಗ ನನ್ನ ಪಾಲು ಹೇಳುತ್ತೇನೆ. ಹತ್ತನೆಯ ದಿನದ ಹೊತ್ತಿಗೆ ಬನಶ್ರೀಯ ಕೆನ್ನೆ ಇಳಿದಿತ್ತು. ಬೆಳಗ್ಗೆ ಅವಳು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಾಗ ನಾನು ಹಿಂದಿನಿಂದ ನೋಡಿ, "ಮುಖಕ್ಕೆ ಕಳೆ ಬಂದೈತೆ ಕಣೇ. ಸಣ್ಣಗಾಗಿ ಎಷ್ಟ್ ಚೆನ್ನಾಗಿ ಕಾಣ್ತೀಯ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳಮ್ಮ ವಾಣಿಶ್ರೀಗೆ ವಿಡಿಯೊ ಕರೆ ಮಾಡಿ, "ನೋಡಮ್ಮ ನಿನ್ ಮಗ್ಳು ಹೆಂಗಾಗವ್ಳೆ, ಗುರ್ತೇ ಸಿಕ್ಕಲ್ಲ" ಎಂದು ಮೆರೆಸಿದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಆ ಹುಡುಗಿಯ ರೂಪವನ್ನು ಹೊಗಳಿದ್ದು ಅದೇ ಮೊದಲು. ಅವಳು ಹಸಿದಿದ್ದಾಗ. ಕೆಂಪು ಚುಕ್ಕೆಗಿಂತ ಆ ಮಾತು ಅವಳೊಳಗೆ ಹೆಚ್ಚು ಆಳಕ್ಕೆ ಇಳಿಯಿತೆಂದು ಆಮೇಲೆ ಅವಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಮ್ಮ ಹೇಳಿದರು. ನಿಮ್ಮ ಮೇಲೆ ಉಗುಳುವ ಮೊದಲು ನನ್ನ ಮೇಲೆ ಎಷ್ಟು ಉಗುಳಿಕೊಂಡಿದ್ದೇನೆಂದು ನಿಮಗೆ ಗೊತ್ತಿರಲಿ.

ಎರಡನೇ ಭಾನುವಾರ ಬೆಳಗ್ಗೆ ಬಟ್ಟೆ ಒಗೆಯಲು ಕೂತವಳು, ಅವಳ ಬಟ್ಟೆಯೂ ಇರಲೆಂದು ಬ್ಯಾಗಿಗೆ ಕೈಹಾಕಿದೆ. ತಳದಲ್ಲಿ ಸ್ಟೀಲ್ ಡಬ್ಬಿ ಸಿಕ್ಕಿತು. ತೆಗೆದರೆ ಒಳಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿಟ್ಟ ಐದಾರು ಮುದ್ದೆಯ ತುಂಡುಗಳು. ಕೆಲವು ಒಣಗಿ ಕಲ್ಲಾಗಿದ್ದವು, ಕೆಲವಕ್ಕೆ ಬೂಸಲು ಹಿಡಿದಿತ್ತು. ದಿನಾ ನಾನು ಎದುರಿಗೆ ಕೂತು ಬಡಿಸಿದ ಮುದ್ದೆ. ಅವಳು ತಿಂದಳೆಂದು ನಾನು ನೆಮ್ಮದಿಯಾಗಿದ್ದ ಮುದ್ದೆ.

"ಏನೇ ಇದು?" ಎಂದೆ.

ಅವಳು ಡಬ್ಬಿ ನೋಡಿ ಗೋಡೆಗೆ ಒರಗಿ ನಿಂತಳು. "ಬೈಬ್ಯಾಡಿ ಅತ್ತೆ. ತಿನ್ದೇ ಇದ್ರೆ ನೀವ್ ಬೇಜಾರ್ ಮಾಡ್ಕಂತೀರ ಅಂತ, ತಿಂದಂಗೆ ಮಾಡಿ ಎತ್ತಿಟ್ಕಂಡೆ."

"ಎತ್ತಿಟ್ಕಂಡು? ನಾಯಿಗಾದ್ರೂ ಹಾಕ್ಬಾರ್ದಿತ್ತಾ?"

"ಬಿಸಾಕಕ್ಕೆ ಮನ್ಸು ಬರ್ಲಿಲ್ಲ ಅತ್ತೆ. ನೋಡ್ತಾ ಇದ್ರೂ ತಿಂದಂಗೇ ಆಗ್ತಿತ್ತು."

ನಾನು ಅಲ್ಲೇ ಹೊಸದಾಗಿ ಒಂದು ತಟ್ಟೆಗೆ ಅನ್ನ ಸಾರು ಕಲಸಿ ತಂದು, "ಒಂದೇ ಒಂದು ತುತ್ತು ತಿನ್ನು ಕಣಮ್ಮ" ಎಂದು ಬಾಯಿಯ ಹತ್ತಿರ ಹಿಡಿದೆ. ಅವಳು ಬಾಯಿ ಬಿಗಿಹಿಡಿದು ತಲೆ ಆಡಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ತಿಂದ್ರೆ ನಾಳೆ ಬೋರ್ಡಲ್ಲಿ ಕಾಣ್ತದೆ ಅತ್ತೆ" ಎಂದಳು.

ಯಾವ ಬೋರ್ಡು ಎಂದು ನೋಡಲು ಮರುದಿನ ಶಾಲೆಗೆ ರಜೆ ಹಾಕಿ ಅವಳ ಜೊತೆಗೇ ಮಂಟಪಕ್ಕೆ ಹೋದೆ. ಮದುವೆಗಳಲ್ಲಿ ಗಂಡು ಹೆಣ್ಣಿನ ಹೆಸರು ಹಾಕುವ ಬಾಗಿಲ ಪಕ್ಕದ ಜಾಗದಲ್ಲಿ ಒಂದು ದೊಡ್ಡ ಬಿಳಿ ಬೋರ್ಡು. ಅದರಲ್ಲಿ ಹದಿನಾಲ್ಕು ಹೆಸರು, ಎದುರಿಗೆ ದಿನದಿನದ ತೂಕ, ಸೊಂಟದ ಅಳತೆ. ಐದು ಹೆಸರುಗಳಿಗೆ ಕೆಂಪು ಸುತ್ತು. ಬನಶ್ರೀಯದೂ ಇತ್ತು. ಬಾಗಿಲ ಬಳಿ ಶಾಮಿಯಾನದ ಕಂಬ ಇಳಿಸುತ್ತಿದ್ದ ಮೂವರು ಗಂಡಸರು ಬೋರ್ಡು ಓದಿ, ಯಾವ ಹೆಸರು ಯಾವ ಹುಡುಗಿಯದೆಂದು ಕಣ್ಣಲ್ಲೇ ಹೊಂದಿಸಿಕೊಳ್ಳುತ್ತಿದ್ದರು. ಒಳಗೆ ತೂಕದ ಯಂತ್ರದ ಮುಂದೆ ಹುಡುಗಿಯರು ಚಪ್ಪಲಿ, ಬಳೆ, ಕಿವಿಯೋಲೆ ಬಿಚ್ಚಿಟ್ಟು ಸಾಲಾಗಿ ನಿಂತಿದ್ದರು. ಕಿವಿಯೋಲೆ, ಮಾನ್ಯರೇ! ಅದರ ತೂಕವೂ ಉಳಿಯಲೆಂದು.

ತರಬೇತುದಾರಳನ್ನು ನಾನು ಹೆಚ್ಚು ಬೈಯಲಾರೆ. ಅವಳೂ ಮೂವತ್ತರೊಳಗಿನ ಹುಡುಗಿ, ಕಣ್ಣ ಕೆಳಗೆ ಕಪ್ಪು, ಹಾಲಿಲ್ಲದ ಕಾಫಿಯಲ್ಲೇ ದಿನ ದೂಡುವಂತಿದ್ದಳು. "ಕ್ಯಾಮೆರಾದಲ್ಲಿ ಎಲ್ಲರೂ ದಪ್ಪ ಕಾಣ್ತಾರೆ ಮೇಡಂ. ನನ್ನನ್ನೂ ಹೀಗೇ ಮಾಡಿದ್ರು. ಅಳತೆ ಕೊಟ್ಟಿರೋದು ಅಧ್ಯಕ್ಷರು, ನಾನಲ್ಲ" ಎಂದಳು. ಹಾಗಾಗಿ ನಿಮ್ಮ ಕೋಣೆಗೆ ಬಂದೆ. ನೆನಪಿರಬೇಕು. ಮೇಜಿನ ಮೇಲೆ ಪೇಪರ್ ತಟ್ಟೆಯಲ್ಲಿ ಮಂಡಕ್ಕಿಯ ಉಗ್ಗಾನಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ. ನೀವು ತಿನ್ನುತ್ತಲೇ ನನಗೆ ಶಿಸ್ತಿನ ಬಗ್ಗೆ ಹೇಳಿದಿರಿ. "ಸ್ಟ್ಯಾಂಡರ್ಡ್ ಅನೇದಿ ಉಂಟುಂದಿ ಕದಾ ಮೇಡಂ" ಎಂದಿರಿ. ಒಂದು ಮಟ್ಟ ಅಂತ ಇರುತ್ತದಲ್ಲ ಎಂದು. ಇಲ್ಲಿ ನಿಮ್ಮ ಹೊಟ್ಟೆಯ ಬಗ್ಗೆ ನಾಲ್ಕು ಸಾಲು ಬರೆದು ಓದುಗರನ್ನು ನಗಿಸಬಹುದಿತ್ತು. ಬರೆಯುವುದಿಲ್ಲ. ಒಬ್ಬರ ಸೊಂಟ ಇನ್ನೊಬ್ಬರಿಗೆ ಸಂಬಂಧಪಟ್ಟದ್ದಲ್ಲ ಎನ್ನುವುದೇ ನಾನು ಅಂದು ತಂದಿದ್ದ ಅರ್ಜಿಯ ಸಾರಾಂಶ. ನೀವು ಅದರ ಮೇಲೆ ಬಜ್ಜಿಯ ತಟ್ಟೆ ಇಟ್ಟಿರಿ.

ಕೈಮಗ್ಗದ ಹೆಸರಿನಲ್ಲಿ ಉತ್ಸವ ನಡೆಸುವ ನಿಮಗೆ ಒಂದು ಸಣ್ಣ ವಿಷಯ ಕೇಳುತ್ತೇನೆ. ಸೀರೆಗೆ ಸೈಜು ಉಂಟೇ? ನನ್ನ ತಮ್ಮ ಮೂವತ್ತು ವರ್ಷದಲ್ಲಿ ನೇಯ್ದ ಒಂದು ಸೀರೆಗಾದರೂ ಉಡುವವಳ ಸೊಂಟ ಎಷ್ಟೆಂದು ಯಾರಾದರೂ ಕೇಳಿದ್ದಾರೆಯೇ? ಮದುವೆಯ ಹುಡುಗಿ ಉಟ್ಟದ್ದನ್ನೇ ಬಸುರಿಯಾದಾಗ ಉಡುತ್ತಾಳೆ, ಮೊಮ್ಮಕ್ಕಳ ನಾಮಕರಣಕ್ಕೂ ಉಡುತ್ತಾಳೆ. ನೆರಿಗೆ ಒಂದು ಹೆಚ್ಚಾಗುತ್ತದೆ, ಒಂದು ಕಡಿಮೆಯಾಗುತ್ತದೆ. ಹೆಂಗಸಿನ ಮೈ ಬದಲಾಗುತ್ತಲೇ ಇರುತ್ತದೆ ಎಂದು ಒಪ್ಪಿಕೊಂಡು ಮಾಡಿದ ಉಡುಪು ಅದು. ಅಂಥ ಸೀರೆಯನ್ನು ಮೆರೆಸುತ್ತೇವೆಂದು ಹೇಳಿ, ಅದಕ್ಕೆ ತಕ್ಕ ಹಾಗೆ ಹುಡುಗಿಯರನ್ನು ಕತ್ತರಿಸಲು ಹೊರಟಿರಲ್ಲ! ನೀವು ಮೆರೆಸಿದ್ದು ಕೈಮಗ್ಗವನ್ನೋ ಟೇಪನ್ನೋ?

ನಾನು ಅವಳನ್ನು ಶಿಬಿರ ಬಿಡಿಸಬೇಕಿತ್ತು. ಹೇಳಿಯೂ ಹೇಳಿದೆ. "ಹೊರಡು, ಬಸ್ ಹತ್ತಿಸ್ತೀನಿ" ಎಂದೆ. "ಅಪ್ಪ ಸೀರೆ ಮುಗಿಸ್ಬುಟ್ಟವ್ರೆ ಅತ್ತೆ. ಬೀದಿಗೆಲ್ಲಾ ಹೇಳ್ಕಂಡವ್ರೆ. ಈಗೆಂಗ್ ಹೋಯ್ತೀನಿ?" ಎಂದು ಕೈಹಿಡಿದು ಕೇಳಿದಳು. ಇನ್ನು ಒಂದು ವಾರ ತಾನೇ ಎಂದು ನಾನೂ ಸುಮ್ಮನಾದೆ.

ಆಗಸ್ಟ್‌ನ ಆ ದಿನ ಹಿಂದೂಪುರದ ಮೈದಾನದಲ್ಲಿ ನಮ್ಮ ಬೀದಿಯವರೆಲ್ಲ ಸೇರಿದ್ದರು. ನೇಕಾರರಿಗೆಂದು ಮುಂದಿನ ಸಾಲು ಬಿಟ್ಟಿದ್ದಿರಿ, ಅಷ್ಟು ಮರ್ಯಾದೆ ತೋರಿಸಿದ್ದಕ್ಕೆ ಕೃತಜ್ಞತೆ. ಜಯಚಂದ್ರ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಹೆಂಡತಿಯ ಪಕ್ಕದಲ್ಲಿ ಕೂತಿದ್ದ. ನಾನು ಸ್ವಲ್ಪ ತಡವಾಗಿ ಬಂದೆ. ಬಾಗಿಲಲ್ಲಿ ನಾಲ್ಕೈದು ಹುಡುಗಿಯರು ಹಳದಿ ಬಣ್ಣದ ಒಂದೇ ಥರದ ಸೀರೆಯಲ್ಲಿ ಪನ್ನೀರು ಚಿಮುಕಿಸುತ್ತಾ ನಿಂತಿದ್ದರು. ನನ್ನ ಮೇಲೆ ಪನ್ನೀರು ಚಿಮುಕಿಸಲು ಬಂದ ಕೈ ಅರ್ಧದಲ್ಲೇ ನಿಂತಿತು. ನೋಡಿದರೆ ಬನಶ್ರೀ.

"ಇಲ್ಯಾಕೆ ನಿಂತಿದ್ದೀಯ?"

"ನಿನ್ನೆ ಕಡೇ ಅಳತೇಲಿ ತೆಗೆದ್ಬುಟ್ರು ಅತ್ತೆ. ಐದ್ ಜನಾನ. ಚೂರೇ ಚೂರು ಜಾಸ್ತಿ ಇತ್ತಂತೆ. ಅಪ್ಪಂಗೆ ಹೇಳಿಲ್ಲ. ನೀವೂ ಹೇಳ್ಬ್ಯಾಡಿ."

ಅಷ್ಟರಲ್ಲಿ ಒಳಗೆ ಮೈಕು ಕೂಗಿತು. "ಈಗ ನಿಮ್ಮ ಮುಂದೆ, ಹಿಂದೂಪುರದ ನೇಕಾರ ಜಯಚಂದ್ರ ಅವರ ಮಗಳು ಕುಮಾರಿ ಬನಶ್ರೀ, ತಂದೆ ತಮ್ಮ ಕೈಯಾರೆ ನೇಯ್ದ ಸೀರೆಯಲ್ಲಿ!" ಬಾಗಿಲಲ್ಲಿ ನಿಂತಿದ್ದ ಬನಶ್ರೀ ತನ್ನ ಹೆಸರು ಕೇಳಿ ತಿರುಗಿ ನೋಡಿದಳು. ವೇದಿಕೆಯ ಮೇಲೆ ಕನಕಾಂಬರ ಬಣ್ಣದ ಸೀರೆ ಉಟ್ಟು, ನಮಗ್ಯಾರಿಗೂ ಗೊತ್ತಿಲ್ಲದ ಒಬ್ಬ ಎತ್ತರದ ಹುಡುಗಿ ಕೈಮುಗಿಯುತ್ತಾ ನಡೆದು ಬರುತ್ತಿದ್ದಳು. ಐದು ಜನರ ಬದಲಿಗೆ ಬೆಂಗಳೂರಿನಿಂದ ಐವರು ಮಾಡೆಲ್‌ಗಳನ್ನು ಕರೆಸಿದ್ದಿರಿ. ಹೆಸರುಗಳು ಮೊದಲೇ ಅಚ್ಚಾಗಿದ್ದರಿಂದ ಅವನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಹೆಸರು ನಮ್ಮದು, ಬೆವರು ನಮ್ಮದು, ಮೈ ಮಾತ್ರ ಬಾಡಿಗೆಯದು. ಎಂಥ ಅನುಕೂಲ!

ಜನ ಚಪ್ಪಾಳೆ ತಟ್ಟಿದರು. ಜಯಚಂದ್ರ ಎದ್ದು ನಿಂತ. ಮೊದಲು ಅವನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಆ ಹುಡುಗಿಯ ಮುಖವನ್ನೇ ನೋಡಿದ, ಸೀರೆ ನೋಡಿದ, ಮತ್ತೆ ಮುಖ ನೋಡಿದ. ಆಮೇಲೆ ಸೀದಾ ವೇದಿಕೆಯ ಮೆಟ್ಟಿಲು ಹತ್ತಿಬಿಟ್ಟ. "ಸಾ, ಇವ್ಳು ನನ್ ಮಗಳಲ್ಲ ಸಾ" ಎಂದ. ಮೈಕಿನ ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು. "ಸೀರೆ ನಂದೇ. ಮಗ್ಳು ನನ್ ಮಗ್ಳಲ್ಲ. ನನ್ ಮಗ್ಳೆಲ್ಲಿ?"

ಕಾರ್ಯಕರ್ತನೊಬ್ಬ ಓಡಿಬಂದು ಅವನ ತೋಳು ಹಿಡಿದು, "ಕೂರ್ಚೋ ಪೆದ್ದಾಯನಾ, ಮಂತ್ರಿಗಾರು ಚೂಸ್ತುನ್ನಾರು" ಎಂದು ಎಳೆದ. ಕೂತುಕೋ ಹಿರಿಯಾ, ಮಂತ್ರಿಗಳು ನೋಡುತ್ತಿದ್ದಾರೆ ಎಂದು. ನೀವು ಮೊದಲ ಸಾಲಿನಿಂದ ಕೈ ಬೀಸಿ ಹಾಡು ಜೋರಾಗಿ ಹಾಕಲು ಸನ್ನೆ ಮಾಡಿದಿರಿ. ನಾನು ಕಣ್ಣಾರೆ ಕಂಡೆ. ಆ ಎತ್ತರದ ಹುಡುಗಿ ಪಾಪ, ಏನು ಮಾಡಬೇಕೆಂದು ತಿಳಿಯದೆ ನಗುತ್ತಲೇ ನಿಂತಿದ್ದಳು. ತಮ್ಮ ಕೆಳಗಿಳಿದು ಜನರ ನಡುವೆ ಹಾದು ಬಾಗಿಲಿಗೆ ಬಂದ. ಪನ್ನೀರಿನ ದಾನಿ ಹಿಡಿದು ನಿಂತಿದ್ದ ಮಗಳನ್ನು ಕಂಡ.

"ಹೋಗಾನ ಬಾಮ್ಮ" ಎಂದ. ಅಷ್ಟೇ.

ಅವಳು ಅಳಲಿಲ್ಲ. ಮನೆಗೆ ಹೋಗುವ ಆಟೊದಲ್ಲಿ, "ಬೇಜಾರ್ ಮಾಡ್ಕಬ್ಯಾಡಪ್ಪ. ಇನ್ನೊಂದ್ ಸ್ವಲ್ಪ ಇಳಿಸ್ಬೇಕಿತ್ತು, ಮುಂದಿನ್ ವರ್ಷ ಆಯ್ತದೆ" ಎಂದಳು. ತಪ್ಪು ತನ್ನದೇ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ನಿಮ್ಮ ಶಿಬಿರ ಮುಗಿದಿತ್ತು, ಅವಳದು ಮುಗಿದಿರಲಿಲ್ಲ. ಸೆಪ್ಟೆಂಬರಿನಲ್ಲಿ ಎಲ್ಲರ ಜೊತೆ ಕೂತು ಉಣ್ಣುವುದನ್ನು ಬಿಟ್ಟಳು. ಅಕ್ಟೋಬರಿನಲ್ಲಿ ತಲೆಗೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರತೊಡಗಿತು, ಮುಟ್ಟು ನಿಂತಿತು, ಹಿಂದೂಪುರದ ಆ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. "ತಿನ್ನೇ ಮಾರಾಯ್ತಿ" ಎಂದು ತಾಯಿ ಬೈದರೆ, "ತಿಂದೆ ಕಣಮ್ಮ" ಎನ್ನುವಳು. ಜಯಚಂದ್ರ ತನ್ನ ಮುದ್ದೆಯನ್ನು ಮುರಿದು ಅವಳ ಕಡೆ ಚಾಚಿದರೆ ಎದ್ದು ಹೋಗುವಳು. ನವೆಂಬರಿನಲ್ಲಿ ಕಾಲೇಜಿನ ಪ್ರಯೋಗಾಲಯದಲ್ಲಿ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ಗುಂಡಿಗೆಯ ಬಡಿತ ನೋಡಿ ಡಾಕ್ಟರಮ್ಮ ಬೆಚ್ಚಿದರು. ಮೂರು ದಿನ ಐಸಿಯು. "ಇದು ಹಟ ಅಲ್ಲ, ಇದು ಕಾಯಿಲೆ. ಬೈದರೆ, ಬಲವಂತ ಮಾಡಿದರೆ ಹೋಗುವುದಿಲ್ಲ. ಇನ್ನೊಂದು ವಾರ ತಡಮಾಡಿದ್ದರೆ ನಾನು ನಿಮ್ಮ ಜೊತೆ ಬೇರೆ ಮಾತು ಆಡಬೇಕಿತ್ತು" ಎಂದು ನಮ್ಮನ್ನೆಲ್ಲ ಹೊರಗೆ ಕೂರಿಸಿ ಹೇಳಿದರು. ಆ ಮಾತು ಕೇಳಿ ನನ್ನ ತಮ್ಮ ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟ. "ನಾನೇ ಕಳ್ಸಿದ್ನಲ್ಲಕ್ಕ" ಎಂದ. ಅಲ್ಲ, ಕಳುಹಿಸಿದ್ದು ತಪ್ಪಲ್ಲ ಎಂದು ನಾನು ಹೇಳಿದೆ. ಈವರೆಗೆ ಅವನು ನಂಬಿಲ್ಲ. ಅವನು ನಂಬುವ ಹಾಗೆ ಹೇಳಬಲ್ಲವರು ಒಬ್ಬರೇ ಇದ್ದಾರೆ, ಅವರು ಮೂರು ಅರ್ಜಿಗೂ ಉತ್ತರ ಕೊಟ್ಟಿಲ್ಲ.

ಮಕ್ಕಳನ್ನು ಕೆಡಿಸಿದ್ದು ಫೋನು, ನಾವಲ್ಲ ಎಂದು ನೀವು ಹೇಳುವಿರೆಂದು ಬಲ್ಲೆ. ಫೋನು ಸಾಧುವೆಂದು ನಾನೂ ಹೇಳುವುದಿಲ್ಲ. ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಈಗಾಗಲೇ ನಾಲ್ಕು ಹುಡುಗಿಯರು ಜಾವದ ಲೋಟ ಹಿಂದಕ್ಕೆ ತಳ್ಳುತ್ತಿದ್ದಾರೆ. ಹತ್ತನೆಯ ತರಗತಿಯ ಹುಡುಗರು ತೋಳು ಉಬ್ಬಬೇಕೆಂದು ಯಾವುದೋ ಪುಡಿಯನ್ನು ನೀರಿಗೆ ಕಲಸಿ ಕುಡಿಯುತ್ತಾರೆ, ಹೊಟ್ಟೆ ಹಿಡಿದುಕೊಂಡು ನನ್ನ ಕೋಣೆಗೆ ಬರುತ್ತಾರೆ. ಆದರೆ ಅವರು ಫೋನಿನಲ್ಲಿ ನೋಡಿದ್ದನ್ನು ಸುಳ್ಳು ಎಂದು ನಾನು ಹೇಳಬಹುದು. ಫೋನಿನ ಮೇಲೆ ಸರ್ಕಾರದ ಮೊಹರಿಲ್ಲ. ನಿಮ್ಮ ಹಾಳೆಯ ಮೇಲಿತ್ತು. ನಿಮ್ಮ ಬೋರ್ಡು ಸರ್ಕಾರಿ ಬೋರ್ಡು. ಸರ್ಕಾರವೇ ಒಂದು ಹುಡುಗಿಯನ್ನು ತೂಗಿ, ನೀನು ಹೆಚ್ಚಾದೆ ಎಂದು ಬರೆದು ನೇತುಹಾಕಿದರೆ, ಅದನ್ನು ಸುಳ್ಳೆಂದು ಹೇಳಲು ನಾನು ಯಾವ ಪಠ್ಯಪುಸ್ತಕ ತೆರೆಯಲಿ?

ಹಾಗಾಗಿ ನಿಮ್ಮ ಸುತ್ತೋಲೆಯನ್ನು ಭರ್ತಿ ಮಾಡದೆ ವಾಪಸು ಕಳುಹಿಸಿದ್ದೇನೆ. ನಲವತ್ತು ಕೈಪಿಡಿಗಳಲ್ಲಿ ಒಂದನ್ನೂ ಹಂಚಿಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇದಕ್ಕೆ ಶಿಸ್ತುಕ್ರಮವಿದ್ದರೆ ಕೈಗೊಳ್ಳಿ. ನನ್ನ ಬೇಡಿಕೆ ಹೆಚ್ಚೇನಿಲ್ಲ. ಆ ಫೋಟೊದ ಕೆಳಗಿನ ಹೆಸರನ್ನು ಅಳಿಸಿ, ಅಲ್ಲಿ ನಡೆದದ್ದನ್ನು ನಡೆದ ಹಾಗೆ ಅಚ್ಚು ಹಾಕಿಸಿ. ಆ ಬೋರ್ಡಿನ ಫೋಟೊಗಳು, ತಟ್ಟೆಗಳ ಫೋಟೊಗಳು ಯಾರ್ಯಾರ ಫೋನಿನಲ್ಲಿವೆಯೋ ಅಳಿಸಿ, ಅಳಿಸಿದೆವೆಂದು ಹದಿನಾಲ್ಕು ಮನೆಗಳಿಗೂ ಬರೆದು ಕೊಡಿ. ಶಾಲೆಗಳಿಗೆ ಹೋದ ಸುತ್ತೋಲೆಯಿಂದ ತೂಕದ ಕಾಲಮ್ಮನ್ನೂ ಸೊಂಟದ ಕಾಲಮ್ಮನ್ನೂ ತೆಗೆಯಿರಿ. ಆಮೇಲೆ ನೀವೇ ಖುದ್ದಾಗಿ ಹಿಂದೂಪುರಕ್ಕೆ ಹೋಗಿ, ಜಯಚಂದ್ರನ ಮಗ್ಗದ ಗುಂಡಿಯ ಎದುರು ಕೂತು, ತಪ್ಪು ನಿಮ್ಮದಲ್ಲ, ನಮ್ಮದು ಎಂದು ತೆಲುಗಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ಅವನಿಗೆ ಹೇಳಿ.

ಬನಶ್ರೀ ಈಗ ನನ್ನ ಜೊತೆ ಕಲ್ಯಾಣದುರ್ಗದಲ್ಲಿದ್ದಾಳೆ. ಡಾಕ್ಟರಮ್ಮನ ಬಳಿ ಹದಿನೈದು ದಿನಕ್ಕೊಮ್ಮೆ ಹೋಗುತ್ತಾಳೆ. ಕೆಲವು ದಿನ ಅರ್ಧ ತಟ್ಟೆ ಊಟ ಮಾಡುತ್ತಾಳೆ, ಕೆಲವು ದಿನ ಆಗುವುದಿಲ್ಲ. ಆಗದ ದಿನ ನಾವಿಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ. ನಿನ್ನೆ ಈ ಪತ್ರವನ್ನು ಅವಳ ಕೈಗೆ ಕೊಟ್ಟು, "ನಿನ್ ಹೆಸ್ರು ಹಾಕ್ಲಾ ಬ್ಯಾಡ್ವಾ, ನೀನೇ ಹೇಳು" ಎಂದೆ. ಪೂರ್ತಿ ಓದಿದಳು. ಆಮೇಲೆ, "ಹೆಸ್ರು ಇರ್ಲಿ ಅತ್ತೆ. ಅದು ನಂದು, ಅವ್ರು ತಗಂಡಿರೋದು. ಆದ್ರೆ ಇದೊಂದ್ ತೆಗೀರಿ" ಎಂದು ಮೂರು ಕಡೆ ಬೆರಳಿಟ್ಟಳು. ಶಿಬಿರಕ್ಕೆ ಮೊದಲು ಎಷ್ಟು ತೂಕವಿದ್ದಳು, ವೇದಿಕೆಯ ಹಿಂದಿನ ದಿನ ಎಷ್ಟಿದ್ದಳು, ಆಸ್ಪತ್ರೆಗೆ ಸೇರಿದಾಗ ಎಷ್ಟಿದ್ದಳು ಎಂದು ನಾನು ಸಾಕ್ಷಿಗಾಗಿ ಬರೆದಿದ್ದೆ. "ಅದನ್ನ ಓದೋ ಹುಡ್ಗೀರು ತಮ್ದು ಎಷ್ಟೈತೆ ಅಂತ ನೋಡ್ಕಂತಾರೆ ಅತ್ತೆ. ನಾನೂ ಹಂಗೇ ಮಾಡ್ತಿದ್ದೆ" ಎಂದಳು.

ಮೂರನ್ನೂ ಹೊಡೆದುಹಾಕಿದ್ದೇನೆ. ಅಂಕಿಗಳಿಲ್ಲದೆ ನಿಮ್ಮ ಕಚೇರಿಗೆ ಏನೂ ಅರ್ಥವಾಗುವುದಿಲ್ಲವೆಂದು ಗೊತ್ತು. ಆದರೂ ಆ ಹುಡುಗಿಯ ತೂಕ ಇನ್ನು ಮುಂದೆ ನಿಮಗೆ ಸಿಗುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿರುವ (ನೀವು ಇರಗೊಟ್ಟರೆ)
ಶೋಭಾರಾಣಿ,
ಮುಖ್ಯೋಪಾಧ್ಯಾಯಿನಿ, ಕಲ್ಯಾಣದುರ್ಗ